‘ಚೆನ್ನಾಗಿದೆ’ ಅಂದರೆ ಯಾವ ಪುಟ?

ಪ್ರಶ್ನೆ: ಚಿಂತಾಮಣಿಯಲ್ಲಿ ನಾವು ಹನ್ನೊಂದು ಜನ ಪ್ರತಿ ತಿಂಗಳ ಎರಡನೇ ಭಾನುವಾರ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ರೇಷ್ಮೆ ಬೆಳೆಯುವವರು, ಇಬ್ಬರು ಕಾಲೇಜು ಹುಡುಗಿಯರು ಇದ್ದಾರೆ. ಯಾವ ಪುಸ್ತಕವಾದರೂ ಎಲ್ಲರ ಬಾಯಲ್ಲೂ ಬರುವುದು ‘ಚೆನ್ನಾಗಿದೆ’. ಹೋದ ವರ್ಷ ನಮ್ಮ ಕಡೆಯ ಕಥೆಗಾರರೊಬ್ಬರ ಸಂಕಲನ ನನಗೆ ಹಿಡಿಸಲಿಲ್ಲ ಅಂದುಬಿಟ್ಟೆ. ಅವರು ಈಗ ಎದುರು ಸಿಕ್ಕರೂ ಮುಖ ತಿರುಗಿಸುತ್ತಾರೆ. ಇನ್ನು ನಾನು ‘ಓದಿ’ ಅಂತ ಕೊಟ್ಟ ಪುಸ್ತಕಗಳು ಬಹುಪಾಲು ಓದದೆಯೇ ವಾಪಸ್ ಬರುತ್ತವೆ. ಅನ್ನಿಸಿದ್ದನ್ನು ಹೇಳುವುದಕ್ಕೆ, ಯಾರಿಗೆ ಯಾವ ಪುಸ್ತಕ ಅಂತ ಆರಿಸುವುದಕ್ಕೆ ಏನಾದರೂ ಕ್ರಮ ಇದೆಯೇ? ಅದೇ ಕಥೆಗಾರರ ಹೊಸ ಪುಸ್ತಕವನ್ನು ಮುಂದಿನ ತಿಂಗಳಿಗೆ ಗೊತ್ತು ಮಾಡಿದ್ದೇವೆ, ಅದೊಂದು ಭಯ ಬೇರೆ.

ಉತ್ತರ: ನೀವು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಗಂಟು ಕಟ್ಟಿದ್ದೀರಿ. ಪುಸ್ತಕ ಓದುವಾಗ ನಿಮಗೆ ಏನಾಯಿತು ಎಂದು ಹೇಳುವುದು ಅಭಿಪ್ರಾಯ. ಆ ಪುಸ್ತಕ ಇನ್ನೊಬ್ಬರಿಗೆ ಒಗ್ಗುತ್ತದೆಯೇ ಎಂದು ನೋಡಿ ಹೇಳುವುದು ಶಿಫಾರಸು. ಮೊದಲನೆಯದಕ್ಕೆ ಪುಸ್ತಕದ ಪುಟಗಳು ಗೊತ್ತಿರಬೇಕು, ಎರಡನೆಯದಕ್ಕೆ ಎದುರಿಗಿರುವ ಮನುಷ್ಯರು ಗೊತ್ತಿರಬೇಕು. ನಮಗೆ ಇಷ್ಟವಾಗಿದ್ದನ್ನು ಸಿಕ್ಕಸಿಕ್ಕವರ ಕೈಗೆ ತುರುಕುತ್ತೇವೆ. ಇಷ್ಟವಾಗದ್ದು ಯಾರಿಗೂ ಬೇಡ ಎಂದು ತೀರ್ಮಾನ ಮಾಡಿಬಿಡುತ್ತೇವೆ. ನಿಮಗೆ ಸೇರದ ಪುಸ್ತಕವೇ ಪಕ್ಕದಲ್ಲಿ ಕೂತವರಿಗೆ ಹೇಳಿ ಮಾಡಿಸಿದಂತಿರಬಹುದು. ಎರಡನ್ನೂ ಬಿಡಿಸಿಕೊಂಡರೆ ನಿಮ್ಮ ಅರ್ಧ ತೊಂದರೆ ಕಳೆಯುತ್ತದೆ.

ಅಭಿಪ್ರಾಯದಿಂದ ಶುರುಮಾಡೋಣ. ಅದು ತಯಾರಾಗುವುದು ಓದುವಾಗ, ಸಭೆಯ ಹಿಂದಿನ ರಾತ್ರಿ ಅಲ್ಲ. ಸ್ವಂತ ಪುಸ್ತಕವಾದರೆ ಪೆನ್ಸಿಲ್‌ನಿಂದ ಅಂಚಿನಲ್ಲಿ ಒಂದು ಚುಕ್ಕಿ ಸಾಕು. ಗ್ರಂಥಾಲಯದ್ದಾದರೆ ಪುಸ್ತಕಕ್ಕೆ ಪೆನ್ಸಿಲ್ ತಾಗಿಸಬೇಡಿ. ಹಳೆಯ ಲಗ್ನಪತ್ರಿಕೆಯ ಖಾಲಿ ಬದಿಯನ್ನು ಎರಡು ಬೆರಳಗಲ ಪಟ್ಟಿ ಕತ್ತರಿಸಿ ಪುಸ್ತಕದೊಳಗೆ ಇಟ್ಟುಕೊಳ್ಳಿ. ಓದಿದ ಗುರುತೂ ಅದೇ, ಟಿಪ್ಪಣಿಯೂ ಅದೇ. ಬರೆಯಬೇಕಾದ್ದು ಪುಟ ಸಂಖ್ಯೆ, ಪಕ್ಕದಲ್ಲಿ ಒಂದೇ ಪದ: ‘ನಗು’, ‘ಯಾರಿದು?’, ‘ಸುಳ್ಳು’, ‘ಮತ್ತೆ ಓದಿದೆ’, ‘ಮಡಚಿದೆ’. 250 ಪುಟದ ಕಾದಂಬರಿಗೆ ಇಂಥ ಹತ್ತು ಹದಿನೈದು ಗುರುತು ಬಂದರೆ ಬೇಕಾದಷ್ಟಾಯಿತು. ಪುಟಕ್ಕೆ ಮೂರು ಬರೆಯಲು ಹೋದರೆ ಓದೇ ನಿಂತುಹೋಗುತ್ತದೆ.

ಇವುಗಳಲ್ಲಿ ‘ಮಡಚಿದೆ’ ಅನ್ನುವ ಗುರುತನ್ನು ಹೆಚ್ಚಿನವರು ಹಾಕುವುದೇ ಇಲ್ಲ. ನಿದ್ದೆ ಬಂದೋ ಹಾಲಿನವನು ಬಂದೋ ಮಡಚಿದ್ದು ಲೆಕ್ಕಕ್ಕಿಲ್ಲ. ಬಿಡುವು ಇದ್ದೂ, ಬೆಳಕು ಇದ್ದೂ, ಕೈ ತಾನಾಗಿ ಮೊಬೈಲಿನ ಕಡೆ ಹೋಯಿತಲ್ಲ, ಆ ಪುಟ ಯಾವುದು? ಮೂರು ಸಲ ಮಡಚಿದ ಜಾಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕಾರಣ ಎದ್ದು ಕಾಣುತ್ತದೆ. ಮೂರೂ ಕಡೆ ಲೇಖಕರು ಕಥೆ ನಿಲ್ಲಿಸಿ ಭಾಷಣ ಶುರುಮಾಡಿರಬಹುದು. ಅಥವಾ ಮೂರೂ ಕಡೆ ಹೊಸ ಪಾತ್ರ ಬಂದಿರಬಹುದು, ಹಳೆಯವರ ಹೆಸರೇ ನಿಮಗೆ ಇನ್ನೂ ಕೂತಿರುವುದಿಲ್ಲ.

ಮುಗಿಸಿದ ದಿನ ಎರಡು ಸಾಲು ಬರೆದಿಡಿ. ಒಂದು ವಾರ ಬಿಟ್ಟು, ಪುಸ್ತಕ ತೆರೆಯದೆ, ನೆನಪಿಗೆ ಬಂದಷ್ಟನ್ನು ಇನ್ನೊಂದು ಹಾಳೆಯಲ್ಲಿ ಬರೆಯಿರಿ: ಯಾವ ಪಾತ್ರದ ಹೆಸರು ನೆನಪಿದೆ, ಯಾವ ಘಟನೆ, ಯಾವ ಮಾತು. ಎರಡು ಹಾಳೆಗೂ ತಾಳೆಯಾಗದಿದ್ದರೆ ಗಾಬರಿ ಬೇಡ. ಮುಗಿಸಿದ ರಾತ್ರಿ ಕಣ್ಣಲ್ಲಿ ನೀರು ತರಿಸಿದ ಪುಸ್ತಕದಲ್ಲಿ ವಾರದ ಮೇಲೆ ಒಂದು ಹೆಸರೂ ಉಳಿಯದೆ ಹೋಗುವುದುಂಟು. ತಡವರಿಸುತ್ತಾ ಓದಿದ್ದರಲ್ಲಿ ಒಂದು ಅಡುಗೆಮನೆ, ಒಂದು ಬಾವಿಕಟ್ಟೆ ಹಾಗೇ ನಿಂತಿರುವುದುಂಟು. ಸಭೆಯಲ್ಲಿ ಎರಡನ್ನೂ ಹೇಳಿ. ಎರಡನೇ ಹಾಳೆಗೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಈಗ ‘ಚೆನ್ನಾಗಿದೆ’ಗೂ ಅದರ ಅಣ್ಣನಾದ ‘ಬೋರು’ಗೂ ಬರೋಣ. ಬೋರು ಎಂಬ ಒಂದೇ ಮಾತಿನೊಳಗೆ ಕಡಿಮೆಯೆಂದರೆ ಆರು ಬೇರೆ ದೂರುಗಳು ಅಡಗಿರುತ್ತವೆ. ವಾಕ್ಯ ಉದ್ದವಾಗಿ ಕರ್ತೃ ಕ್ರಿಯಾಪದದ ಕೈ ಬಿಟ್ಟಿದೆ; ವಿಷಯ ನನಗೆ ಮೊದಲೇ ಗೊತ್ತಿತ್ತು; ಮುಂದೇನಾಗುತ್ತದೆ ಎಂದು ಇಪ್ಪತ್ತನೇ ಪುಟದಲ್ಲೇ ತಿಳಿದುಹೋಯಿತು; ಪಾತ್ರಗಳೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತವೆ; ಆಡುಮಾತು ನನ್ನ ಕಡೆಯದಲ್ಲ, ತಡವರಿಸಿದೆ; ಅಕ್ಷರ ಚಿಕ್ಕದು, ಕಣ್ಣು ಉರಿಯಿತು. ಇವುಗಳಲ್ಲಿ ಮೂರೋ ನಾಲ್ಕೋ ಲೇಖಕರ ಪಾಲಿಗೆ, ಒಂದು ಪ್ರಕಾಶಕರ ಪಾಲಿಗೆ, ಒಂದೆರಡು ನಿಮ್ಮ ಪಾಲಿಗೆ. ಯಾವುದು ಎಂದು ಹೇಳದೆ ಬೋರು ಅಂದರೆ ಕೇಳುವವರು ಪುಸ್ತಕವೇ ಕೆಟ್ಟದ್ದು ಎಂದುಕೊಳ್ಳುತ್ತಾರೆ, ಬರೆದವರು ನಾನೇ ಕೆಟ್ಟವನು ಎಂದುಕೊಳ್ಳುತ್ತಾರೆ.

‘ಪಾತ್ರಗಳೆಲ್ಲ ಒಂದೇ ದನಿ’ ಅನ್ನುವ ದೂರಿಗೆ ಸುಲಭದ ಪರೀಕ್ಷೆ ಇದೆ. ಸಂಭಾಷಣೆ ಇರುವ ಒಂದು ಪುಟ ತೆಗೆದು ‘ಅವಳೆಂದಳು’, ‘ಗೌಡರು ಹೇಳಿದರು’ ಇವುಗಳ ಮೇಲೆ ಬೆರಳಿಟ್ಟು ಮುಚ್ಚಿಕೊಂಡು ಗಟ್ಟಿಯಾಗಿ ಓದಿ. ಯಾರ ಮಾತು ಯಾವುದು ಎಂದು ಗೊತ್ತಾಗದಿದ್ದರೆ ದೂರು ನಿಜ. ‘ವಾಕ್ಯ ಉದ್ದ’ ಎಂಬುದಕ್ಕೂ ಅಷ್ಟೇ: ಒಂದೇ ಉಸಿರಿನಲ್ಲಿ ಓದಲು ಹೋಗಿ, ಎಲ್ಲಿ ಉಸಿರು ತಪ್ಪಿತೋ ಆ ಸಾಲನ್ನೇ ಸಭೆಯಲ್ಲಿ ಓದಿ ತೋರಿಸಿ. ಉದ್ದವಾಗಿದ್ದೂ ಎಡವದ ವಾಕ್ಯಗಳಿವೆ. ಗಿಡ್ಡವಾಗಿದ್ದೂ ಕಲ್ಲಿನಂತೆ ಕೂತಿರುವವೂ ಇವೆ.

ಹೊಗಳಿಕೆಗೂ ಪುಟ ಬೇಕು. ಪುಸ್ತಕ ಬಿಡುಗಡೆಯ ವೇದಿಕೆಗಳಿಂದ ನಮ್ಮ ಬಾಯಿಗೆ ಅಂಟಿಕೊಂಡ ಮಾತುಗಳಿವೆ: ಮಣ್ಣಿನ ವಾಸನೆ, ನೆಲದ ಸೊಗಡು, ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ, ಕೆಳಗಿಡಲು ಮನಸ್ಸಾಗುವುದಿಲ್ಲ. ಇವುಗಳನ್ನು ಯಾವ ಪುಸ್ತಕದ ಮೇಲೆ ಬೇಕಾದರೂ ಅಂಟಿಸಬಹುದು; ಅದೇ ಅವುಗಳ ದೋಷ. (ಬಯಲುಸೀಮೆಯ ಯಾರೇ ಕಥೆ ಬರೆದರೂ ಮಣ್ಣಿನ ವಾಸನೆ ಬಂದೇ ಬರುತ್ತದೆ. ಮಳೆಯೇ ಬಾರದ ವರ್ಷದ ಕಥೆಗೂ ಬಂದಿದೆ.) ಅಂಥ ಮಾತು ಬಾಯಿಗೆ ಬಂದಾಗ ನಿಮ್ಮನ್ನೇ ಕೇಳಿಕೊಳ್ಳಿ: ಯಾವ ಪುಟದಲ್ಲಿ? ‘112ನೇ ಪುಟದಲ್ಲಿ ಅತ್ತೆ ಸೊಸೆ ಒಂದೂ ಮಾತಾಡದೆ ಅವರೆಕಾಯಿ ಬಿಡಿಸುತ್ತಾರೆ, ಜಗಳ ಮುಗಿದಿದೆ ಎಂದು ಲೇಖಕರು ಎಲ್ಲೂ ಹೇಳುವುದಿಲ್ಲ, ನಮಗೆ ಗೊತ್ತಾಗುತ್ತದೆ.’ ಹೀಗೆ ಹೇಳಿದಾಗ ‘ಚೆನ್ನಾಗಿದೆ’ ಎಂಬ ಮಾತು ಬೇಕಾಗುವುದೇ ಇಲ್ಲ. ಮುನ್ನುಡಿ, ಬೆನ್ನುಡಿಗಳನ್ನು ಪುಸ್ತಕ ಮುಗಿದ ಮೇಲೆ ಓದಿ. ಅವು ಆಹ್ವಾನದ ಮೇಲೆ ಬರೆದ ಮಾತುಗಳು. ಮೊದಲೇ ಓದಿದರೆ ನಿಮ್ಮ ಅಭಿಪ್ರಾಯ ಅವರ ಪದಗಳಲ್ಲೇ ಹೊರಗೆ ಬರುತ್ತದೆ, ನಿಮಗೇ ತಿಳಿಯುವುದಿಲ್ಲ.

ಪುಸ್ತಕವನ್ನು ದೂರುವ ಮುಂಚೆ ಪ್ರತಿಯನ್ನು ಒಮ್ಮೆ ನೋಡಿ. ಡೆಮಿ 1/8 ಅಳತೆಯ, ಅಂದರೆ ಸಾಮಾನ್ಯ ಕಾದಂಬರಿಯ ಗಾತ್ರದ ಪುಸ್ತಕ ಸಾಮಾನ್ಯವಾಗಿ 16 ಪುಟಗಳ ಫಾರಂಗಳಾಗಿ (ಒಟ್ಟಿಗೆ ಅಚ್ಚಾಗಿ ಮಡಚುವ ಹಾಳೆಗಳಾಗಿ) ಮುದ್ರಣವಾಗುತ್ತದೆ. ಜೋಡಿಸುವಾಗ ಒಂದು ಫಾರಂ ಬಿಟ್ಟುಹೋದರೆ 96ರಿಂದ 113ಕ್ಕೆ ಜಿಗಿಯುತ್ತದೆ. ಎರಡು ಸಲ ಸೇರಿದರೆ ಅವೇ ಪುಟಗಳು ಮತ್ತೆ ಬರುತ್ತವೆ. ಪುಟ ಸಂಖ್ಯೆ ನೋಡದೆ ‘ಕಥೆ ತುಂಡುತುಂಡಾಗಿದೆ, ಆಧುನಿಕ ಶೈಲಿ ಇರಬೇಕು’ ಎಂದು ಅಭಿಪ್ರಾಯ ಕೊಡುವ ಅಪಾಯ ಇಲ್ಲಿದೆ. ಅಂಥ ಪ್ರತಿಯನ್ನು ಅಂಗಡಿಯಲ್ಲಿ ಅಥವಾ ಪ್ರಕಾಶಕರಲ್ಲಿ ಬದಲಿಸಿಕೊಳ್ಳಬಹುದು. ಹಾಗೆಯೇ ಕರಡು ತಪ್ಪುಗಳು, ಅಂದರೆ ಅಚ್ಚಿನಲ್ಲಿ ಉಳಿದ ಅಕ್ಷರ ದೋಷಗಳು: ಇನ್ನೂರು ಪುಟದಲ್ಲಿ ನಾಲ್ಕೈದು ಇದ್ದರೆ ಬಾಯಿ ಬಿಡಬೇಡಿ. ಪುಟಕ್ಕೆ ಎರಡರಂತೆ ಇದ್ದರೆ ಹೇಳಲೇಬೇಕು, ಓದುವವರ ದುಡ್ಡು ಅದು.

ಅನುವಾದವಾದರೆ ಯಾರ ತಪ್ಪು ಯಾರ ತಲೆಗೆ ಎಂಬ ಎಚ್ಚರ ಹೆಚ್ಚು ಬೇಕು. ಪುಸ್ತಕದ ಮೊದಲ ಪುಟಗಳಲ್ಲಿ ಅನುವಾದಕರ ಹೆಸರು, ಮೂಲ ಭಾಷೆ, ನೇರ ಅನುವಾದವೋ ಇಂಗ್ಲಿಷ್ ಅಥವಾ ಹಿಂದಿಯ ಮೂಲಕ ಬಂದದ್ದೋ ನೋಡಿ. ಕಥೆ ಬಿಗಿಯಾಗಿದ್ದು ವಾಕ್ಯ ಮಾತ್ರ ಮರಗಟ್ಟಿದ್ದರೆ ಮೂಲ ಲೇಖಕರನ್ನು ಬಯ್ಯಬೇಡಿ. ನಿಮ್ಮ ಕಡೆ ಒಂದು ಅನುಕೂಲ ಇದೆ: ಚಿಂತಾಮಣಿ, ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು, ಓದು ಕನ್ನಡದಲ್ಲಿ ಎನ್ನುವವರು ಎಷ್ಟೋ ಜನ. ತೆಲುಗಿನಿಂದ ಬಂದ ಪುಸ್ತಕಕ್ಕೆ ನಿಮ್ಮ ಗುಂಪು ಕೊಡಬಲ್ಲ ಅಭಿಪ್ರಾಯವನ್ನು ಬೆಂಗಳೂರಿನ ಎಷ್ಟೋ ವಿಮರ್ಶಕರು ಕೊಡಲಾರರು. ಬೈಗುಳವೂ ಗಾದೆಯೂ ಕನ್ನಡಕ್ಕೆ ಬರುವಾಗ ಜೀವ ಉಳಿಸಿಕೊಂಡಿವೆಯೇ ಎಂದು ಅಲ್ಲಿ ಕೂತವರೇ ಹೇಳಬಹುದು.

ವಿಷಯದ ತಿಳಿವಳಿಕೆಗೂ ಇದೇ ಮಾತು. ರೇಷ್ಮೆ ಬೆಳೆಯುವವರು ನಿಮ್ಮಲ್ಲಿದ್ದಾರೆ ಎಂದಿರಿ. ಒಂದು ಕಾದಂಬರಿಯಲ್ಲಿ ಚಾಕಿ (ಎಳೆಯ ಹುಳು) ತಂದ ಹತ್ತನೇ ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುತ್ತಾರೆ ಎಂದಿಟ್ಟುಕೊಳ್ಳಿ. ಹುಳು ನಾಲ್ಕು ಜ್ವರ (ಪೊರೆ ಬಿಡುವ ಹಂತ) ದಾಟಬೇಕು, ಆಮೇಲೂ ಒಂದು ವಾರದಷ್ಟು ಸೊಪ್ಪು ತಿನ್ನಬೇಕು. ಮರಿಯಾದ ದಿನದಿಂದ ಹಣ್ಣಾಗಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಏರುವ ಹೊತ್ತಿಗೆ ಸುಮಾರು 25ರಿಂದ 28 ದಿನ. ಶಿಡ್ಲಘಟ್ಟದ ಓದುಗರಿಗೆ ಆ ಪುಟದಲ್ಲಿ ನಂಬಿಕೆ ಕುಸಿಯುತ್ತದೆ, ಉಡುಪಿಯವರಿಗೆ ಏನೂ ಆಗುವುದಿಲ್ಲ. ತಪ್ಪು ಇದೆ ಎಂದು ಹೇಳಿ, ಅದು ಕಥೆಯನ್ನು ಎಷ್ಟು ಕೆಡಿಸಿತು ಎಂಬುದನ್ನೂ ಹೇಳಿ. ಹುಳು ಬರೀ ಹಿನ್ನೆಲೆಯಾಗಿದ್ದರೆ ಅದು ಸಣ್ಣ ಅಡ್ಡಿ. ಸಾಲ ತೀರಿಸುವ ಗಡುವಿನ ಮೇಲೇ ಇಡೀ ಕಥೆ ನಿಂತಿದ್ದು ದಿನದ ಲೆಕ್ಕವೇ ತಪ್ಪಿದ್ದರೆ ಅದು ತಳಪಾಯದ ಬಿರುಕು.

ಪೂರ್ತಿ ಓದದ ಪುಸ್ತಕದ ಬಗ್ಗೆ ಮಾತಾಡಬಹುದೇ ಎಂದು ಎಷ್ಟೋ ಜನ ಕೇಳುತ್ತಾರೆ. ಮಾತಾಡಬಹುದು, ಎಲ್ಲಿ ಬಿಟ್ಟಿರಿ ಎಂದು ಮೊದಲು ಹೇಳಿ. ‘300ರಲ್ಲಿ 60 ಪುಟ ಓದಿದೆ, ಅಷ್ಟರ ಬಗ್ಗೆ ಹೇಳುತ್ತೇನೆ’ ಎಂದರೆ ಅದು ಪ್ರಾಮಾಣಿಕ. ಓದಿದಂತೆ ನಟಿಸಿ ‘ಚೆನ್ನಾಗಿದೆ’ ಅನ್ನುವುದರಿಂದಲೇ ನಿಮ್ಮ ಗುಂಪಿನ ಅರ್ಧದಷ್ಟು ‘ಚೆನ್ನಾಗಿದೆ’ಗಳು ಹುಟ್ಟುತ್ತಿರಬೇಕು ಎಂದು ನನ್ನ ಊಹೆ.

ಇನ್ನೊಂದು ಮುಜುಗರದ ಮಾತು. ಲೇಖಕರ ಜಾತಿ, ಪಕ್ಷ, ಅವರು ಯಾವ ಗುಂಪಿನವರು ಎಂಬುದು ನಮ್ಮ ಓದಿನೊಳಗೆ ಸದ್ದಿಲ್ಲದೆ ಬಂದು ಕೂರುತ್ತದೆ. ಇಲ್ಲ ಎಂದು ನಟಿಸಿ ಪ್ರಯೋಜನವಿಲ್ಲ. ನಿಮಗೆ ಒಪ್ಪಿಗೆಯಾಗದ್ದು ಲೇಖಕರ ನಿಲುವಾದರೆ ‘ನಿಲುವು ನನ್ನದಲ್ಲ, ಬರವಣಿಗೆ ಗಟ್ಟಿ’ ಎಂದು ಎರಡನ್ನೂ ಬಿಡಿಸಿ ಹೇಳಿ. ನಿಲುವು ನಿಮ್ಮದೇ ಆಗಿದ್ದು ಬರವಣಿಗೆ ಪೇಲವವಾಗಿದ್ದರೆ ಅದನ್ನೂ ಹೇಳಿ. ಈ ಎರಡನೆಯದು ಬಾಯಿಂದ ಹೊರಡುವುದು ಇನ್ನೂ ಕಷ್ಟ.

ಸಭೆಯ ಏರ್ಪಾಡು

ಎಲ್ಲರೂ ಒಂದೇ ಮಾತಾಡುವುದಕ್ಕೆ ನಿಮ್ಮವರ ಸ್ವಭಾವಕ್ಕಿಂತ ಮಾತಿನ ಸರದಿ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಹಿರಿಯ ಮೇಷ್ಟ್ರು ಮೊದಲು ಮಾತಾಡಿ ‘ಉತ್ತಮ ಕೃತಿ’ ಎಂದರೆ ಅವರ ಹತ್ತಿರ ಪಾಠ ಹೇಳಿಸಿಕೊಂಡವರು, ಅವರ ಊರಿನವರು, ಅವರ ಮುಂದೆ ಕಾಲು ಮೇಲೆ ಕಾಲು ಹಾಕಿ ಕೂರದವರು ಬೇರೆ ಹೇಳುವುದು ಹೇಗೆ? ಸರದಿಯನ್ನು ತಿರುಗಿಸಿ. ಕಾಲೇಜು ಹುಡುಗಿಯರು ಮೊದಲು, ಮೇಷ್ಟ್ರು ಕೊನೆಗೆ. ಇದನ್ನು ಮೇಷ್ಟ್ರ ಹತ್ತಿರ ಮೊದಲೇ ಹೇಳಿ ಒಪ್ಪಿಸಿ. ‘ನೀವು ಕೊನೆಗೆ ಎಲ್ಲವನ್ನೂ ಸೇರಿಸಿ ಹೇಳಬೇಕು ಸಾರ್’ ಎಂದರೆ ಒಪ್ಪದವರು ಕಡಿಮೆ.

ಅದಕ್ಕೂ ಮುಂಚೆ, ಟೀ ಬರುವ ಮೊದಲೇ, ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಹೆಸರು ಬೇಡ. ಮೂರು ಸಾಲು: ಎಷ್ಟು ಪುಟ ಓದಿದೆ; ಕೆಲಸ ಮಾಡಿದ ಒಂದು ಪುಟ; ಕೈಕೊಟ್ಟ ಒಂದು ಪುಟ. ಐದು ನಿಮಿಷ ಸಾಕು. ಒಮ್ಮೆ ಬರೆದದ್ದನ್ನು ಬಾಯಲ್ಲಿ ತಿರುಚುವುದು ಕಷ್ಟ. ಹನ್ನೊಂದು ಜನಕ್ಕೆ ತಲಾ ನಾಲ್ಕು ನಿಮಿಷ ಅಂದರೆ 44 ನಿಮಿಷ. ಉಳಿದ ಅರ್ಧ ಗಂಟೆ ಚೀಟಿಗಳಲ್ಲಿ ಎಲ್ಲಿ ಜಗಳ ಇದೆಯೋ ಆ ಪುಟ ತೆಗೆದು ಗಟ್ಟಿಯಾಗಿ ಓದಿ ಮಾತಾಡಿ. ಒಬ್ಬರಿಗೆ ಕೆಲಸ ಮಾಡಿದ ಪುಟವೇ ಇನ್ನೊಬ್ಬರಿಗೆ ಕೈಕೊಟ್ಟಿದ್ದರೆ ಆ ದಿನದ ಸಭೆ ಗೆದ್ದಿತು ಎಂದೇ ತಿಳಿಯಿರಿ.

ಕಥಾ ಸಂಕಲನಕ್ಕೆ ಒಟ್ಟು ಅಭಿಪ್ರಾಯ ಕೇಳಬೇಡಿ. ಹನ್ನೆರಡು ಕಥೆಗಳಲ್ಲಿ ಇನ್ನೊಬ್ಬರಿಗೆ ಓದಿ ಹೇಳುವಂಥ ಎರಡು, ತೆಗೆದುಹಾಕಿದ್ದರೆ ಒಳ್ಳೆಯದಿತ್ತು ಎನ್ನುವ ಒಂದು ಯಾವುದು ಎಂದು ಕೇಳಿ. ಕವನ ಸಂಕಲನವಾದರೆ ಮೂರು ಕವಿತೆ ಗಟ್ಟಿಯಾಗಿ ಓದಿ, ಅಷ್ಟರಲ್ಲೇ ಮಾತು ಮುಗಿಸಿ. ಕಾದಂಬರಿಯನ್ನು ಓದದವರಿಗೆ ಪರಿಚಯಿಸುವಾಗ ಮೊದಲ ಕಾಲುಭಾಗದ ಆಚೆಗಿನ ಘಟನೆ ಬಿಟ್ಟುಕೊಡಬೇಡಿ. 240 ಪುಟವಿದ್ದರೆ 60ರ ಒಳಗೇ ಇರಿ.

ಯಾರಿಗೆ ಯಾವುದು

ಶಿಫಾರಸಿನ ವಿಷಯದಲ್ಲಿ ಗ್ರಂಥಪಾಲಕರ ಗುರು ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೂರು ನಿಮಗೆ ನೇರ ಬಳಕೆಗೆ ಬರುತ್ತವೆ: ಪ್ರತಿ ಓದುಗರಿಗೂ ಅವರ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗರು, ಓದುಗರ ಸಮಯ ಉಳಿಸಿ. ‘ಒಳ್ಳೆಯ ಪುಸ್ತಕ’ ಎಂಬ ಮಾತು ಈ ಮೂರರಲ್ಲೂ ಇಲ್ಲ ಎಂಬುದನ್ನು ಗಮನಿಸಿ.

ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋದರೆ ಅಲ್ಲಿ ಎಫ್‌ಡಿಎ, ಪಿಡಿಒ, ಕೆಎಎಸ್‌ನಂಥ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಹುಡುಗರು ತುಂಬಿರುತ್ತಾರೆ. ಅವರು ಒಬ್ಬರಿಗೊಬ್ಬರು ಪುಸ್ತಕ ಹೇಳುವುದನ್ನು ಕಿವಿಗೊಟ್ಟು ಕೇಳಿ. ‘ಅದರಲ್ಲಿ ಇತಿಹಾಸ ಓದು, ಅರ್ಥಶಾಸ್ತ್ರ ಬೇಡ, ಅಂಕಿಅಂಶ ಹಳೇದು. ಉತ್ತರಗಳನ್ನು ಕಣ್ಣುಮುಚ್ಚಿ ನಂಬಬೇಡ. ಹೊಸ ಮುದ್ರಣ ಬಂದಿದೆಯಾ ನೋಡಿ ತಗೋ.’ ಯಾವ ಭಾಗ, ಯಾರಿಗೆ, ಏನು ಎಚ್ಚರ, ಯಾವ ಮುದ್ರಣ ಎಲ್ಲವೂ ಬಂತು. ಸಾಹಿತ್ಯ ಓದುವ ನಾವು ಅವರಿಂದ ಕಲಿಯಬೇಕು.

ಪುಸ್ತಕ ಕೊಡುವ ಮುನ್ನ ಎದುರಿಗಿರುವವರನ್ನು ಕೇಳಬೇಕಾದ್ದು ‘ನಿಮಗೆ ಎಂಥ ಪುಸ್ತಕ ಇಷ್ಟ?’ ಎಂದಲ್ಲ. ಅದಕ್ಕೆ ಎಲ್ಲರೂ ದೊಡ್ಡ ಹೆಸರುಗಳನ್ನೇ ಹೇಳುತ್ತಾರೆ. ‘ಕೊನೆಯ ಪುಟದವರೆಗೂ ಓದಿದ್ದು ಇತ್ತೀಚೆಗೆ ಯಾವುದು?’ ಎಂದು ಕೇಳಿ. ಆಮೇಲೆ ‘ಅರ್ಧಕ್ಕೆ ಬಿಟ್ಟಿದ್ದು ಯಾವುದು, ಸುಮಾರು ಎಲ್ಲಿ?’ ಎಂದು. ಕೊನೆಗೆ ‘ಯಾವ ಹೊತ್ತಿನಲ್ಲಿ, ಎಲ್ಲಿ ಕೂತು ಓದುತ್ತೀರಿ?’ ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ, ಪುಸ್ತಕ ಓದದೆ ವಾಪಸ್ ಬರುವುದಕ್ಕೆ ಬಹಳ ಸಲ ಅದೇ ಕಾರಣ. ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ಒಂದು ದಿಕ್ಕಿಗೆ ಒಂದೂಕಾಲು, ಒಂದೂವರೆ ಗಂಟೆ ಸಿಗುತ್ತದೆ. ಅದರಲ್ಲಿ ಸೀಟು ಸಿಕ್ಕ ಮೇಲಿನದಷ್ಟೇ ಓದು. ಗಂಟೆಗೆ 20 ಪುಟದ ಲೆಕ್ಕದಲ್ಲಿ ಹೋಗುತ್ತಾ ಒಂದು, ಬರುತ್ತಾ ಒಂದು ಕಥೆ ಮುಗಿಯುವ ಸಂಕಲನ ಅವರಿಗೆ ಸರಿ. 600 ಪುಟದ ರಟ್ಟಿನ ಕಟ್ಟಿನ ಪುಸ್ತಕವನ್ನು ನಿಂತುಕೊಂಡು ಒಂದು ಕೈಯಲ್ಲಿ ಹಿಡಿಯಲಾಗುವುದಿಲ್ಲ. ರಾತ್ರಿ ಹುಳುಮನೆ ನೋಡಿ ಬಂದು ಮಲಗುವ ಮುಂಚೆ ಹತ್ತು ನಿಮಿಷ ಓದುವವರಿಗೆ ಎರಡು ಮೂರು ಪುಟದ ಬಿಡಿ ಬರಹಗಳು. ಕನ್ನಡಕದ ನಂಬರ್ ಏರಿದವರಿಗೆ ಕ್ರೌನ್ ಅಳತೆಯ (ಡೆಮಿಗಿಂತ ಚಿಕ್ಕ ಗಾತ್ರದ) ಹಳೆಯ ಅಗ್ಗದ ಮುದ್ರಣ ಕೊಡಬೇಡಿ. ಅದೇ ಪುಸ್ತಕದ ಡೆಮಿ ಮುದ್ರಣ, ದೊಡ್ಡ ಅಕ್ಷರದ್ದು, ಇದ್ದರೆ ಅದು.

ಊರಿನ ಅಭಿಮಾನವೂ ಶಿಫಾರಸನ್ನು ಕೆಡಿಸುತ್ತದೆ. ನಿಮ್ಮ ಹಳೆಯ ಕೋಲಾರ ಜಿಲ್ಲೆಯ ಮಟ್ಟಿಗೆ ಇದು ದೊಡ್ಡ ಮಾತು: ಮಾಸ್ತಿ ಮಾಲೂರು ತಾಲ್ಲೂಕಿನವರು, ಡಿವಿಜಿ ಮುಳಬಾಗಿಲಿನವರು. ‘ನಮ್ಮವರು, ಓದಲೇಬೇಕು’ ಎಂದು ಕಾಲೇಜು ಹುಡುಗಿಯ ಕೈಗೆ ಮೊದಲೇ ‘ಚಿಕವೀರ ರಾಜೇಂದ್ರ’ ಕೊಡುತ್ತೇವೆ. ಅದಕ್ಕೆ 1983ರ ಜ್ಞಾನಪೀಠ ಬಂದಿದೆ ಎಂಬುದೇ ಕಾರಣವಾಗುತ್ತದೆ. ಕಾದಂಬರಿ ಓದಿ ಅಭ್ಯಾಸವಿಲ್ಲದವರಿಗೆ ಕೊಡಗಿನ ಅರಮನೆಯ ಅಷ್ಟೊಂದು ಪಾತ್ರಗಳು ಮೊದಲ ಮೆಟ್ಟಿಲಾಗುವುದಿಲ್ಲ. ಅದೇ ಮಾಸ್ತಿಯವರ ಸಣ್ಣಕತೆ ಒಂದೆರಡು ಓದಿಸಿ, ಆ ನಿಧಾನದ ದನಿ ಕಿವಿಗೆ ಹಿಡಿಸಿದ ಮೇಲೆ ಕಾದಂಬರಿಗೆ ಬರಲಿ. ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ದ್ದು ಬೇರೆಯೇ ತೊಂದರೆ. 945 ಪದ್ಯಗಳ ಪುಸ್ತಕವನ್ನು ಕಾದಂಬರಿಯಂತೆ ಒಂದರಿಂದ ಶುರುಮಾಡಿ ನಲವತ್ತನೆಯದಕ್ಕೆ ಕೈಬಿಟ್ಟವರೇ ಹೆಚ್ಚು. ಕೊಡುವಾಗಲೇ ‘ದಿನಕ್ಕೆ ಎರಡು, ಗಟ್ಟಿಯಾಗಿ, ಪದ ಬಿಡಿಸಿಕೊಂಡು, ಹಳಗನ್ನಡದ ಪದಗಳಿವೆ, ಅರ್ಥ ಕೊಟ್ಟಿರುವ ಮುದ್ರಣ ತಗೊಳ್ಳಿ’ ಎಂದು ಹೇಳಿ. ಓದುವ ಬಗೆ ಹೇಳದಿದ್ದರೆ ಇಂಥ ಪುಸ್ತಕ ಕೊಟ್ಟು ಫಲವಿಲ್ಲ.

ಆಡುಮಾತಿನ ಅಡ್ಡಿಯನ್ನೂ ಮೊದಲೇ ಹೇಳಿಬಿಡಿ. ಧಾರವಾಡದ ಮಾತಿನ ಅಥವಾ ಕುಂದಾಪುರ ಕನ್ನಡದ ಪುಸ್ತಕ ನಿಮ್ಮ ಕಡೆಯ ಕಣ್ಣಿಗೆ ಮೊದಲ 30 ಪುಟ ಮುಳ್ಳಿನಂತೆ. ಓದುಗರು ‘ನನಗೆ ಅರ್ಥವಾಗಲ್ಲ’ ಎಂದು ನಾಚಿಕೊಂಡು ಬಿಡುತ್ತಾರೆ, ನಿಮಗೆ ಹೇಳುವುದೂ ಇಲ್ಲ. ಕೊಡುವ ದಿನವೇ ಎರಡು ಪುಟ ಜೊತೆಯಲ್ಲಿ ಗಟ್ಟಿಯಾಗಿ ಓದಿ. ಕಣ್ಣಿಗೆ ತಡೆಯಾದದ್ದು ಕಿವಿಗೆ ಬಹಳ ಬೇಗ ತಿಳಿಯುತ್ತದೆ.

ಒಮ್ಮೆಗೆ ಎರಡು ಪುಸ್ತಕ ಹೇಳಿ, ಹತ್ತಲ್ಲ. ಒಂದು ಅವರು ಮುಗಿಸಿದ್ದರ ಪಕ್ಕದ್ದು, ಇನ್ನೊಂದು ಒಂದು ಹೆಜ್ಜೆ ಆಚೆಯದು. ಹತ್ತರ ಪಟ್ಟಿ ಕೊಟ್ಟರೆ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಮರೆಯುತ್ತಾರೆ. ಹೇಳುವಾಗ ಮಾತು ಹೀಗಿರಲಿ: ‘ಇನ್ನೂರು ಪುಟ, ಹತ್ತು ಗಂಟೆಯ ಓದು. ನಿಮಗೆ ಯಾಕೆ ಅಂದರೆ ನೀವು ಹೋದ ಸಲ ಆ ಹಳ್ಳಿ ಶಾಲೆಯ ಆತ್ಮಕಥೆಯನ್ನು ಕೆಳಗಿಡಲಿಲ್ಲ, ಇದೂ ಅಂಥ ಶಾಲೆಯದೇ. ನಡುವೆ ನಲವತ್ತು ಪುಟ ಎಳೆಯುತ್ತದೆ, 90ರಿಂದ 130, ಹಾರಿಸಿದರೂ ನಷ್ಟವಿಲ್ಲ. ಮಗು ಸಾಯುವ ಪ್ರಸಂಗ ಇದೆ, ನೋಡಿಕೊಳ್ಳಿ.’ ಮನೆಯಲ್ಲಿ ಈಚೆಗೆ ಸಾವು ಕಂಡವರಿಗೆ ಕೊನೆಯ ಮಾತನ್ನು ಹೇಳದೆ ಪುಸ್ತಕ ಕೊಡಬಾರದು.

ಸಿಗದ ಪುಸ್ತಕ ಹೇಳಿ ಆಸೆ ಹುಟ್ಟಿಸಬೇಡಿ. ಕನ್ನಡದ ಎಷ್ಟೋ ಪುಸ್ತಕಗಳು ಸಾವಿರ ಪ್ರತಿಯೋ ಅದಕ್ಕೂ ಕಡಿಮೆಯೋ ಅಚ್ಚಾಗಿ, ತೀರಿದ ಮೇಲೆ ವರ್ಷಗಟ್ಟಲೆ ಮರುಮುದ್ರಣ ಕಾಣುವುದಿಲ್ಲ. ಹೇಳುವ ಮುಂಚೆ ಗ್ರಂಥಾಲಯದಲ್ಲಿ ಇದೆಯೇ, ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಊರಿನ ಗ್ರಂಥಾಲಯದಲ್ಲಿ) ಇದೆಯೇ, ಪ್ರಕಾಶಕರು ಅಂಚೆಯಲ್ಲಿ ಕಳಿಸುತ್ತಾರೆಯೇ ವಿಚಾರಿಸಿ. ಕನ್ನಡ ಪುಸ್ತಕ ಪ್ರಾಧಿಕಾರ, ಸಾಹಿತ್ಯ ಅಕಾಡೆಮಿಯ ಪ್ರಕಟಣೆಗಳ ಬೆಲೆ ಕೈಗೆಟುಕುವಂತಿರುತ್ತದೆ, ರಾಜ್ಯೋತ್ಸವದ ತಿಂಗಳಲ್ಲಿ ರಿಯಾಯಿತಿಯೂ ಇರುತ್ತದೆ. ಸಿಗದಿದ್ದಾಗ ವಾಟ್ಸ್‌ಆಪ್ ಗುಂಪಿನಲ್ಲಿ ಪಿಡಿಎಫ್ ಹಂಚುವ ಅಭ್ಯಾಸ ಬೇಡ. ‘ಹಳೇ ಪುಸ್ತಕ ತಾನೇ’ ಎಂಬುದು ಕಾನೂನಿನಲ್ಲಿ ನಿಲ್ಲುವುದಿಲ್ಲ: ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಮಾಸ್ತಿಯವರು ತೀರಿಕೊಂಡಿದ್ದು 1986ರಲ್ಲಿ, ಅಂದರೆ 2046ರ ಕೊನೆಯವರೆಗೆ.

ಕೊಟ್ಟ ಪುಸ್ತಕದ ಲೆಕ್ಕಕ್ಕೆ ನೂರು ಪುಟದ ಒಂದು ನೋಟ್‌ಬುಕ್ ಸಾಕು. ಯಾರಿಗೆ, ಯಾವ ದಿನ, ಯಾವಾಗ ವಾಪಸ್, ಎಲ್ಲಿಯವರೆಗೆ ಓದಿದರು. ಕೊನೆಯ ಕಲಮನ್ನು ತುಂಬುವುದಕ್ಕೆ ‘ಹೇಗಿತ್ತು?’ ಎಂದು ಕೇಳಬೇಡಿ. ಅದು ಪರೀಕ್ಷೆಯ ಪ್ರಶ್ನೆ, ಅದಕ್ಕೆ ಬರುವ ಉತ್ತರ ನಿಮಗೇ ಗೊತ್ತಿದೆ. ಹತ್ತು ದಿನ ಬಿಟ್ಟು ‘ಎಲ್ಲಿಗೆ ಬಂತು?’ ಎಂದು ಕೇಳಿ. ‘ನಲವತ್ತನೇ ಪುಟ, ಮುಂದೆ ಹೋಗ್ತಿಲ್ಲ’ ಅಂದರೆ ‘ಹಾಗಾದರೆ ಬಿಡಿ, ಇನ್ನೊಂದಿದೆ’ ಎಂದು ಹಗುರಾಗಿ ವಾಪಸ್ ತೆಗೆದುಕೊಳ್ಳಿ. ಆ ನಲವತ್ತನೇ ಪುಟ ಏನಿದೆ ಎಂದು ಮನೆಗೆ ಬಂದು ನೋಡಿ. ನಾಲ್ಕು ಜನಕ್ಕೆ ಹೀಗಾದರೆ ಯಾರಿಗೆ ಏನು ಕೊಡಬೇಕೆಂಬುದು ನೋಟ್‌ಬುಕ್ಕಿನಲ್ಲೇ ಕಾಣತೊಡಗುತ್ತದೆ.

ಇನ್ನು ಆ ಕಥೆಗಾರರು. ಅವರ ಹೊಸ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳಿ, ಗೌರವ ಪ್ರತಿ ತೆಗೆದುಕೊಳ್ಳಬೇಡಿ. ತೆಗೆದುಕೊಂಡಿದ್ದರೆ ಮಾತಾಡುವ ಮೊದಲು ಅದನ್ನು ಸಭೆಗೆ ಹೇಳಿಬಿಡಿ. ಸಭೆಗೆ ಅವರನ್ನು ಕರೆಯುವುದಾದರೆ ಮೊದಲ ಮುಕ್ಕಾಲು ಗಂಟೆ ಅವರಿಲ್ಲದೆ ಓದುಗರು ಮಾತಾಡಲಿ, ಆಮೇಲೆ ಬಂದು ಸೇರಲಿ. ಲೇಖಕರು ಎದುರಿಗೆ ಕೂತಾಗ ಚೀಟಿಯಲ್ಲಿ ಬರೆದದ್ದನ್ನೂ ಜನ ನುಂಗುತ್ತಾರೆ. ‘ಸಂಕಲನ ಹಿಡಿಸಲಿಲ್ಲ’ ಎಂದು ಒಟ್ಟಾಗಿ ಹೇಳಿದ್ದೇ ಹೋದ ಸಲದ ತಪ್ಪು. ಅದಕ್ಕೆ ಅವರು ಕೊಡಬಹುದಾದ ಉತ್ತರವೇ ಇರಲಿಲ್ಲ, ಮುಖ ತಿರುಗಿಸುವುದೊಂದನ್ನು ಬಿಟ್ಟು.

ಈ ಸಲ ಒಂದು ಹಾಳೆ ಮಾಡಿಕೊಳ್ಳಿ. ಮೇಲರ್ಧದಲ್ಲಿ ನಿಮಗೆ ನಿಜಕ್ಕೂ ನಿಂತ ಎರಡು ಜಾಗ, ಪುಟ ಸಮೇತ. ಇಲ್ಲದ್ದನ್ನು ಹುಟ್ಟಿಸಬೇಡಿ, ಒಂದೇ ಇದ್ದರೆ ಒಂದೇ. ಕೆಳಗರ್ಧದಲ್ಲಿ ಎಡವಿದ ಎರಡು ಜಾಗ, ಏಕೆ ಎಡವಿದಿರಿ ಎಂಬುದರ ಸಮೇತ. ಕರಡು ತಪ್ಪುಗಳಿದ್ದರೆ ಬೇರೆ ಚೀಟಿಯಲ್ಲಿ ಪುಟ, ಸಾಲು, ತಪ್ಪು, ಸರಿ ಎಂದು ಬರೆದು ಸಭೆ ಮುಗಿದ ಮೇಲೆ ಕೈಗೆ ಕೊಡಿ, ಮುಂದಿನ ಮುದ್ರಣಕ್ಕೆ ಆಗುತ್ತದೆ. ಹೋದ ಸಂಕಲನದ ಬಗ್ಗೆ ಅವರೇ ಕೆದಕಿದರೆ ಆವತ್ತು ಪುಟ ಹೇಳದೆ ಮಾತಾಡಿದ್ದು ನನ್ನ ತಪ್ಪು ಎಂದು ಒಪ್ಪಿಕೊಳ್ಳಿ. ಅಭಿಪ್ರಾಯ ಬದಲಾಗಿಲ್ಲದಿದ್ದರೆ ಬದಲಾಗಿದೆ ಎನ್ನಬೇಡಿ. ಹಳೆಯ ಸಂಕಲನವನ್ನು ಈ ಭಾನುವಾರದೊಳಗೆ ಇನ್ನೊಮ್ಮೆ ತಿರುವಿ, ಆಗ ಎಲ್ಲಿ ಮಡಚಿದ್ದಿರಿ ಎಂದು ಹುಡುಕಿಟ್ಟುಕೊಂಡಿರಿ. ಅವರು ಕೇಳುವುದು ಅದನ್ನೇ.